ಮಡಿಚುವ ಚಾಕು

(ಬಾನುಲಿ ಭಾಷಣ)

ಹೋಳೂರು ಕೋಲಾರ ತಾಲ್ಲೂಕಿನ ಒಂದು ಹೋಬಳಿ. ಆ ಹೋಬಳಿಯ, ಅಥವಾ ಅದರಾಚೆಯ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಸೀಮೆಗಳ ಯಾವುದಾದರೊಂದು ಹಳ್ಳಿಯ ಬೇಸಾಯಗಾರನು ಬೆಳಗಿನಿಂದ ಬೈಗಿನವರೆಗೆ ಏನೇನನ್ನು ಕತ್ತರಿಸುತ್ತಾನೆ ಎಂದು ಒಂದು ದಿವಸ ಲೆಕ್ಕವಿಟ್ಟು ನೋಡಿ. ನಸುಕಿನಲ್ಲಿ ಹಿಂಡಿಯ ಮೂಟೆಯ ಬಾಯಿಗೆ ಹಾಕಿದ ಹೊಲಿಗೆ. ಹೊತ್ತೇರಿದ ಮೇಲೆ ಟೊಮೆಟೊ ಗಿಡವನ್ನು ಊರೆಗೋಲಿಗೆ ಕಟ್ಟುವ ದಾರ. ತೂತು ಬಿದ್ದ ಹನಿ ನೀರಾವರಿ ಕೊಳವೆಯ ಒಂದು ಗೇಣು. ಬುತ್ತಿಯ ಜೊತೆಗೆ ಒಂದು ಈರುಳ್ಳಿ. ಬೇಸಗೆಯಾದರೆ ಒಂದು ಮಾವಿನಹಣ್ಣು. ನಡುವೆ ಅಂಗಾಲಿಗೆ ಮುರಿದುಕೊಂಡ ಜಾಲಿಯ ಮುಳ್ಳು. ಇವಲ್ಲದೆ ಪಂಪಿನ ಪೆಟ್ಟಿಗೆಯ ಸಡಿಲವಾದ ತಿರುಪು, ಬೈಸಿಕಲ್ಲಿನದೋ ಮೋಟಾರು ಬೈಸಿಕಲ್ಲಿನದೋ ಬಿಗಿಯಬೇಕಾದ ಒಂದು ನಟ್ಟು. ಹಿಪ್ಪುನೇರಳೆಯ ಕಡ್ಡಿಗೂ ಹಸುವಿನ ಹುಲ್ಲಿಗೂ ಕುಡುಗೋಲು ಉಂಟು. ಅದರ ಮಾತು ಬೇರೆ. ಉಳಿದ ಈ ಚಿಲ್ಲರೆ ಕೆಲಸಗಳಿಗೆ ಹಲ್ಲು, ಉಗುರು, ಬೀಗದ ಕೈ, ಹಳೆಯ ಬ್ಲೇಡು, ಪಕ್ಕದವನ ಕುಡುಗೋಲು, ಹೀಗೆ ಕೈಗೆ ಸಿಕ್ಕಿದ್ದೇ ಆಯುಧ.

ಕೋಲಾರದ ಪೇಟೆಯಲ್ಲಿರುವ ಉಪಾಧ್ಯಾಯರ ಕೆಲಸಗಳ ಪಟ್ಟಿ ಇದಕ್ಕಿಂತ ಚಿಕ್ಕದು: ಪುಸ್ತಕದ ಕಟ್ಟು ಬಿಚ್ಚುವುದು, ಪೆನ್ಸಿಲ್ಲು ಚೂಪು ಮಾಡುವುದು, ಕನ್ನಡಕದ ಕಿವಿಯ ತಿರುಪು ಬಿಗಿಯುವುದು, ರೈಲಿನಲ್ಲಿ ಒಂದು ಸೇಬು ಹೆಚ್ಚುವುದು. ರಜೆಯಲ್ಲಿ ಗೆಳೆಯರೊಡನೆ ಅಂತರಗಂಗೆಯ ಬೆಟ್ಟ ಹತ್ತಿ ಹೊರಗೆ ಒಂದು ರಾತ್ರಿ ಕಳೆಯಬೇಕೆಂದಿರುವ ಕಾಲೇಜಿನ ಹುಡುಗನ ಪಟ್ಟಿಯಂತೂ ಇನ್ನೂ ಅವನ ಕಲ್ಪನೆಯಲ್ಲೇ ಇದೆ. ಈ ಮೂವರೂ ಈಗ ಕೇಳುತ್ತಿರುವ ಪ್ರಶ್ನೆ ಒಂದೇ: ಹತ್ತಾರು ಉಪಕರಣಗಳನ್ನು ಒಡಲಲ್ಲಿ ಮಡಿಚಿಟ್ಟುಕೊಂಡ ಜೇಬಿನ ಚಾಕುಗಳು ಅಂಗಡಿಗೆ ಬಂದಿವೆಯಲ್ಲ, ಅವುಗಳಲ್ಲಿ ಯಾವುದನ್ನು ಕೊಳ್ಳುವುದು?

ಅಂಗಡಿಯವನು ಮೊದಲು ಹೇಳುವುದು ಒಂದು ಸಂಖ್ಯೆಯನ್ನು. ಇದರಲ್ಲಿ ಹನ್ನೊಂದು, ಅದರಲ್ಲಿ ಇಪ್ಪತ್ತೊಂದು, ಮೇಲಿನ ಸಾಲಿನಲ್ಲಿರುವುದರಲ್ಲಿ ಮೂವತ್ತಮೂರು. ಕೊಳ್ಳುವವನ ಮನಸ್ಸು ಅಲ್ಲಿಯೇ ಕೆಡುತ್ತದೆ. ವೆಂಗರ್ ಎಂಬ ಸ್ವಿಸ್ ಕಂಪೆನಿ ಈ ಶತಮಾನದ ಮೊದಲ ದಶಕದಲ್ಲಿ 87 ಉಪಕರಣಗಳ ಒಂದು ಚಾಕುವನ್ನು ಮಾಡಿತ್ತು. ತೂಕ ಒಂದು ಕಿಲೋಗ್ರಾಮಿಗೂ ಮಿಕ್ಕದ್ದು. ಅದನ್ನು ಜೇಬಿಗೆ ಹಾಕುವಂತಿಲ್ಲ, ಮುಷ್ಟಿಯಲ್ಲಿ ಹಿಡಿಯುವಂತೆಯೂ ಇಲ್ಲ. ಸಂಖ್ಯೆಯ ಮೋಹವನ್ನು ತುದಿಮುಟ್ಟಿಸಿದರೆ ಚಾಕು ಚಾಕುವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಒಂದು ವಸ್ತುವಿನಲ್ಲಿ ಹಲವು ಉಪಯೋಗಗಳನ್ನು ಕೂಡಿಸುವ ಜಾಣ್ಮೆ ಹೊರನಾಡಿನಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ನಮ್ಮ ಮನೆಯ ಈಳಿಗೆಮಣೆಯನ್ನೇ ನೋಡಿ. ಕೂರಲು ಮಣೆ, ಹೆಚ್ಚಲು ಅಲಗು, ಅಲಗಿನ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಕೆಲಸ ಮುಗಿದ ಮೇಲೆ ಅಲಗನ್ನು ಮಣೆಯ ಮೇಲೆ ಮಲಗಿಸುವ ಮಡಿಕೆಯೂ ಕೆಲವುಗಳಲ್ಲಿ ಉಂಟು. ಹಳೆಯ ಕಾಲದ ಹಳ್ಳಿಗನ ಸೊಂಟದಲ್ಲಿಯೋ ಎಲೆಯಡಿಕೆಯ ಸಂಚಿಯಲ್ಲಿಯೋ ಒಂದು ಬಳೆ ಇರುತ್ತಿತ್ತು. ಆ ಬಳೆಗೆ ಮುಳ್ಳು ಕೀಳುವ ಚಿಮಟ, ಮುಳ್ಳು ಕೆದಕುವ ಮೊನೆ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಇವನ್ನು ಪೋಣಿಸಿರುತ್ತಿದ್ದರು. ಬರಿಗಾಲಿನಲ್ಲಿ ನಡೆಯುತ್ತಿದ್ದ ಜನಕ್ಕೆ ಅಲಗಿಗಿಂತ ಚಿಮಟ ಮುಖ್ಯವಾಗಿತ್ತು. ಸ್ವಿಸ್ ಚಾಕುವಿನ ಹಿಡಿಯ ಮೂಲೆಯಲ್ಲಿ ಒಂದು ಪುಟ್ಟ ಚಿಮಟವೂ ಒಂದು ಹಲ್ಲುಕಡ್ಡಿಯೂ ಅಡಗಿರುವುದನ್ನು ಮೊದಲ ಬಾರಿ ಕಂಡವರಿಗೆ ಅದೊಂದು ಚಮತ್ಕಾರದಂತೆ ತೋರುತ್ತದೆ. ನಮ್ಮ ಅಜ್ಜಂದಿರು ಅದನ್ನು ನೋಡಿದ್ದರೆ ಗುಗ್ಗೆಕಡ್ಡಿ ಎಲ್ಲಿ ಎಂದು ಕೇಳುತ್ತಿದ್ದರು.

ಸಾಹಿತ್ಯಾಸಕ್ತರು ಗಮನಿಸಬೇಕಾದ ಇನ್ನೊಂದು ಸಾಧನವಿದೆ. ತಾಳೆಯೋಲೆಯ ಮೇಲೆ ಬರೆಯುವ ಉಕ್ಕಿನ ಮೊನೆಗೆ ನಾವು ಕಂಟ ಎನ್ನುತ್ತೇವೆ. ಓಲೆಯನ್ನು ಹದಕ್ಕೆ ತಂದು ಅಂಚು ಸವರಲು ಬೇರೊಂದು ಅಲಗು ಬೇಕು. ತಮಿಳು ನಾಡಿನ ಲಿಪಿಕಾರರು ಇವೆರಡನ್ನೂ ಒಂದೇ ಹಿಡಿಗೆ ಕೀಲಿಸಿ, ಒಂದು ಕೊನೆಯಲ್ಲಿ ಕಂಟ, ಇನ್ನೊಂದು ಕೊನೆಯಲ್ಲಿ ಚಾಕು, ಎರಡೂ ಒಳಕ್ಕೆ ಮಡಿಚುವಂತೆ ಮಾಡಿಕೊಂಡಿದ್ದರು. ಅದರ ಹೆಸರು ಮಡಕ್ಕೆಳುತ್ತಾಣಿ. ಮಡಿಚುವ ಕಂಟ ಎಂದೇ ಅರ್ಥ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಕೋಲಾರದ ಸೀಮೆಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೂರೋಪಿನಲ್ಲಿಯೂ ಹಾಗೆಯೇ. ಹಕ್ಕಿಯ ಗರಿಯ ತುದಿಯನ್ನು ಕೊರೆದು ಲೇಖನಿ ಮಾಡಿಕೊಳ್ಳುತ್ತಿದ್ದವರ ಮೇಜಿನ ಮೇಲಿದ್ದ ಪುಟ್ಟ ಚಾಕುವೇ ಪೆನ್ ನೈಫ್. ಗರಿಯ ಲೇಖನಿ ಹೋಯಿತು, ಚಾಕು ಉಳಿಯಿತು. ಜೇಬಿನ ಚಾಕುವಿನ ಮನೆತನದಲ್ಲಿ ಬರಹಗಾರರೂ ಇದ್ದರೆಂಬುದು ನನಗೆ ಸಂತೋಷದ ಸಂಗತಿ.

ಈಗಿನ ಬಹೂಪಯೋಗಿ ಚಾಕುವಿನ ಕಥೆಯಾದರೋ ಸೈನ್ಯದಿಂದ ಹೊರಟದ್ದು. ಸ್ವಿಟ್ಜರ್ಲೆಂಡಿನ ಸೈನಿಕರಿಗೆ 1889ರ ಮಾದರಿಯ ಹೊಸ ಬಂದೂಕು ಬಂದಿತು. ಅದನ್ನು ಬಿಚ್ಚಿ ಜೋಡಿಸಲು ತಿರುಪುಳಿ ಬೇಕು. ಆಹಾರ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಅದನ್ನು ತೆರೆಯಲು ಒಂದು ಕೊಕ್ಕೆ ಬೇಕು. ಚರ್ಮದ ಪಟ್ಟಿಗೆ ತೂತು ಹಾಕಲು ಒಂದು ಮೊನೆ, ರೊಟ್ಟಿ ಕೊಯ್ಯಲು ಒಂದು ಅಲಗು. ನಾಲ್ಕೇ ನಾಲ್ಕು. ಈ 1890ರ ಮಾದರಿಯ ಮೊದಲ ಕಂತನ್ನು ಮಾಡಿಕೊಡುವ ಶಕ್ತಿ ಸ್ವಿಸ್ ಕಾರ್ಖಾನೆಗಳಿಗೆ ಇರಲಿಲ್ಲವಾಗಿ ಅದು ಜರ್ಮನಿಯ ಜೋಲಿಂಗೆನ್ ಪಟ್ಟಣದಿಂದ ಬರಬೇಕಾಯಿತು. ಶ್ವಿಟ್ಸ್ ಪ್ರಾಂತದ ಈಬಾಖ್ ಎಂಬಲ್ಲಿ 1884ರಲ್ಲಿ ಕಸುಬು ಆರಂಭಿಸಿದ್ದ ಕಾರ್ಲ್ ಎಲ್ಸೆನರ್ ಇದನ್ನು ನಮ್ಮ ನಾಡಿನಲ್ಲೇ ಮಾಡಬೇಕೆಂದು ಹೊರಟು, 1891ರಲ್ಲಿ ತನ್ನ ಮೊದಲ ಸೈನಿಕ ಚಾಕುಗಳನ್ನು ಒಪ್ಪಿಸಿದ. (ಮಾಲೂರು ಸೀಮೆಯಲ್ಲಿ ಮಾಸ್ತಿಯವರು ಹುಟ್ಟಿದ್ದೂ ಅದೇ 1891ರಲ್ಲಿ. ಎರಡಕ್ಕೂ ಸಂಬಂಧವಿಲ್ಲ, ಇಸವಿಯನ್ನು ನೆನಪಿಡಲು ನನಗೆ ಅನುಕೂಲವಾಗಿದೆ, ಅಷ್ಟೆ.) 1897ರಲ್ಲಿ ಅವನು ಹೆಚ್ಚು ಹಗುರವಾದ, ಹೆಚ್ಚು ನಾಜೂಕಾದ ಇನ್ನೊಂದನ್ನು ಮಾಡಿದ. ಅದರಲ್ಲಿ ಆರು ಉಪಕರಣಗಳಿಗೆ ಎರಡೇ ಸ್ಪ್ರಿಂಗುಗಳು. ಒಂದೊಂದು ಸ್ಪ್ರಿಂಗೂ ಬೆನ್ನಿನ ಎರಡೂ ಕಡೆ ದುಡಿಯುತ್ತದೆ. ಇಂದಿಗೂ ಕೆಂಪು ಹಿಡಿಯ ಆ ಚಾಕುವಿನ ಜೀವಾಳ ಈ ಯುಕ್ತಿಯೇ. ಎಲ್ಸೆನರನ ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವಳ ಹೆಸರೇ ಕಾರ್ಖಾನೆಯ ಹೆಸರಾಯಿತು; ಮುಂದೆ 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಗುರುತಾದ ಇನಾಕ್ಸ್ ಎಂಬುದೂ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಈ ಇತಿಹಾಸವನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಆ ನಾಲ್ಕು ಉಪಕರಣಗಳಲ್ಲಿ ಒಂದೊಂದಕ್ಕೂ ಸೈನಿಕನ ದಿನಚರಿಯಲ್ಲಿ ಒಂದು ಉತ್ತರವಿತ್ತು. ಚಾಕುವನ್ನು ಆರಿಸುವ ರೀತಿ ಅದೇ ಎಂದು ನನ್ನ ಅಭಿಪ್ರಾಯ. ಮೊದಲು ನಮ್ಮ ದಿನಚರಿಯನ್ನು ನೋಡಿಕೊಂಡು, ಆಮೇಲೆ ಅಂಗಡಿಯ ಗಾಜಿನ ಪೆಟ್ಟಿಗೆಯನ್ನು ನೋಡಬೇಕು.

ಇನ್ನೂ ಒಂದು ವಿಷಯ ಹೊರನೋಟಕ್ಕೆ ಕಾಣುವುದಿಲ್ಲ. ಒಳ್ಳೆಯ ಚಾಕುವಿನಲ್ಲಿ ಎಲ್ಲ ಉಪಕರಣಗಳ ಉಕ್ಕಿಗೂ ಒಂದೇ ಹದ ಇರುವುದಿಲ್ಲ. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಎಂಬ ಮಾಪನದಲ್ಲಿ ಅಳೆಯುತ್ತಾರೆ. ವಿಕ್ಟೋರಿನಾಕ್ಸಿನವರ ಅಲಗಿನ ಗಡಸು ಅದರಲ್ಲಿ 56, ಕತ್ತರಿ, ಗರಗಸಗಳದು 53, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ, ಚುಚ್ಚುವ ಮೊನೆಗಳದು 52, ಸ್ಪ್ರಿಂಗುಗಳದು 49. ಅಲಗು ಹರಿತವನ್ನು ಉಳಿಸಿಕೊಳ್ಳಬೇಕಾದ್ದರಿಂದ ಹೆಚ್ಚು ಗಡಸು. ತಿರುಪುಳಿ ತಿರುಚಿದಾಗ ಚಟ್ಟನೆ ಮುರಿಯಬಾರದಾದ್ದರಿಂದ ಕೊಂಚ ಮೆತು. ಸ್ಪ್ರಿಂಗು ಬಾಗಿ ಮತ್ತೆ ನೆಟ್ಟಗಾಗಬೇಕಾದ್ದರಿಂದ ಇನ್ನೂ ಮೆತು. ನಮ್ಮವರು ಹದ ಎನ್ನುವ ಮಾತಿನ ತಾತ್ಪರ್ಯ ಈ ಅಂಕಿಗಳಲ್ಲಿದೆ.

ಇದನ್ನು ಕಣ್ಣಾರೆ ಕಾಣಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಸಾಕು. ಅದು ಶಿಲ್ಪಿಗಳ ಊರು. ದೇವರ ವಿಗ್ರಹಗಳನ್ನು ಕಡೆಯುವ ಆ ಊರಿನಲ್ಲಿ ಕಲ್ಲಿನಷ್ಟೇ ಮುಖ್ಯವಾದುದು ಉಳಿ. ಗಡುಸುಕಲ್ಲಿನ ಎದುರು ಉಳಿಯ ಮೊನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದನ್ನು ಕಾಯಿಸಿ, ಬಡಿದು, ಮತ್ತೆ ಮೊನೆ ಮಾಡಿ, ತುದಿಯನ್ನಷ್ಟೇ ನೀರಿನಲ್ಲಿ ಅದ್ದಬೇಕು. ಆಗ ಹಿಂದಿನ ಭಾಗದ ಕಾವು ಮೆಲ್ಲಗೆ ತುದಿಗೆ ಹರಿದು ಬರುತ್ತದೆ. ಉಕ್ಕಿನ ಮೇಲೆ ಹುಲ್ಲಿನ ಹಳದಿ, ಕಂದು, ನೀಲಿ, ಹೀಗೆ ಬಣ್ಣಗಳು ಓಡುತ್ತವೆ. ಬೇಕಾದ ಬಣ್ಣ ತುದಿಗೆ ಬಂದ ಕ್ಷಣದಲ್ಲಿ ಇನ್ನೊಮ್ಮೆ ಅದ್ದಿದರೆ ಹದ ಕೂತಿತು. ಒಂದು ಕ್ಷಣ ಮೊದಲಾದರೆ ಮೊನೆ ಕಲ್ಲಿನ ಮೇಲೆ ಸಿಡಿಯುತ್ತದೆ, ಒಂದು ಕ್ಷಣ ತಡವಾದರೆ ಮಡಿಚಿಕೊಳ್ಳುತ್ತದೆ. ಸುತ್ತಿಗೆಯ ಏಟು ತಿನ್ನುವ ತಲೆಯ ಕಡೆ ಉಳಿ ಮೆತುವಾಗಿಯೇ ಇರಬೇಕು. ಒಂದೇ ಸಲಾಕೆಯಲ್ಲಿ ಎರಡು ಗುಣ.

ಬಜಾರಿನಲ್ಲಿ ಅಗ್ಗವಾಗಿ ಸಿಗುವ ನಕಲುಗಳಲ್ಲಿ ಇಲ್ಲದಿರುವುದು ಈ ಹದವೇ. ಹೊರಗೆ ಕನ್ನಡಿಯ ಹೊಳಪು, ಹದಿನಾಲ್ಕು ಉಪಕರಣ, ಒಂದು ಪುಟ್ಟ ದೀಪ ಬೇರೆ. ತಿರುಪುಳಿಯಿಂದ ಒಂದು ಬಿಗಿಯಾದ ತಿರುಪನ್ನು ತಿರುಗಿಸಿ ನೋಡಿ. ತಿರುಪು ಅಲ್ಲೇ ಇರುತ್ತದೆ, ತಿರುಪುಳಿಯ ಮೂತಿ ಸೊಟ್ಟಗಾಗುತ್ತದೆ. ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಚಾಕುವನ್ನು ಬೆಳಕಿಗೆ ಹಿಡಿದು ನೋಡಿದರೆ ಪದರಗಳ ನಡುವೆ ಬೆಳಕು ನುಸುಳಬಾರದು. ಅಲಗನ್ನು ತೆರೆದು ಬೆರಳಿನಿಂದ ಅಕ್ಕಪಕ್ಕಕ್ಕೆ ಅಲುಗಿಸಿದರೆ ಆಟವಾಡಬಾರದು. ತೆರೆಯುವಾಗ ಅರ್ಧದವರೆಗೆ ಬಿಗಿಯಾಗಿ ಬಂದು, ಕೊನೆಯಲ್ಲಿ ಟಕ್ಕೆಂದು ತಾನಾಗಿ ಕೂರಬೇಕು; ಆ ಸದ್ದು ಸ್ಪ್ರಿಂಗಿನ ಆರೋಗ್ಯದ ಸದ್ದು. ಮುಚ್ಚಿದಾಗ ಯಾವ ಮೂಲೆಯೂ ಅಂಗೈಗೆ ಚುಚ್ಚಬಾರದು. ಹದಿನಾಲ್ಕು ಉಪಕರಣಗಳ ನಕಲಿಗೆ ಕೊಡುವ ಹಣದಲ್ಲಿ ಒಂದೇ ಅಲಗಿನ ಒಳ್ಳೆಯ ಚಾಕು ಸಿಗುವುದಾದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ.

ಬೇಸಾಯಗಾರನ ಮಾತಿಗೆ ಬರೋಣ. ಅವನ ಪಟ್ಟಿಯಲ್ಲಿ ನಾನು ಸೇರಿಸದೆ ಬಿಟ್ಟ ಕೆಲಸ ಒಂದಿದೆ. ಅದು ದಿನವೂ ಬರುವುದಿಲ್ಲ. ಬಂದಾಗ ಹೇಳಿಕೇಳಿ ಬರುವುದಿಲ್ಲ. ಹಗ್ಗದಲ್ಲಿ ಕಟ್ಟಿದ ಕರು ಗೂಟದ ಸುತ್ತ ಸುತ್ತಿ, ಕಾಲು ಸಿಕ್ಕಿಸಿಕೊಂಡು ಬಿದ್ದು, ಕೊರಳಿನ ಕುಣಿಕೆ ಬಿಗಿದುಕೊಳ್ಳುತ್ತದೆ. ಒದ್ದಾಡಿದಷ್ಟೂ ಬಿಗಿಯುತ್ತದೆ. ಗಂಟು ಬಿಚ್ಚುವ ಕಾಲವಲ್ಲ ಅದು. ಮನೆಗೆ ಓಡಿ ಕುಡುಗೋಲು ತರುವಷ್ಟು ಹೊತ್ತೂ ಇರುವುದಿಲ್ಲ. ತಂದರೂ ಒದ್ದಾಡುವ ಕೊರಳಿನ ಬಳಿ ಕುಡುಗೋಲಿನ ಬಾಗಿದ ಬಾಯನ್ನು ಹಾಕುವುದು ಅಪಾಯ. ಒಂದು ಕೈ ಕರುವಿನ ತಲೆಯನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ಚಾಕು ಇನ್ನೊಂದು ಕೈಯಲ್ಲಿ ತೆರೆದುಕೊಳ್ಳಬೇಕು.

ಚಾಕುವಿನ ಪರೀಕ್ಷೆ ಇಲ್ಲಿ. ಸಾಮಾನ್ಯ ಮಡಿಚುವ ಚಾಕುವಿನ ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದೆ. ಅದನ್ನು ತೆರೆಯಲು ಎರಡು ಕೈ ಬೇಕು, ಉಗುರೂ ಬೇಕು. ಮಣ್ಣಿನಲ್ಲಿ ದುಡಿಯುವವನ ಉಗುರು ಸವೆದಿರುತ್ತದೆ, ಬೆರಳು ಒದ್ದೆಯಾಗಿರುತ್ತದೆ. ಅಲಗಿನಲ್ಲಿ ಹೆಬ್ಬೆರಳು ಹಿಡಿಯುವಷ್ಟು ಅಗಲದ ಒಂದು ಕಿಂಡಿ ಇದ್ದರೆ ಒಂದೇ ಕೈಯಿಂದ ಅದು ತೆರೆಯುತ್ತದೆ. ಇನ್ನೊಂದು ಮಾತು: ಕೇವಲ ಸ್ಪ್ರಿಂಗಿನ ಬಲದ ಮೇಲೆ ನಿಂತ ಅಲಗು, ಬೆನ್ನಿನ ಕಡೆಯಿಂದ ಒತ್ತಡ ಬಿದ್ದರೆ ಬೆರಳುಗಳ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಹಣ್ಣು ಹೆಚ್ಚುವಾಗ ಈ ಭಯವಿಲ್ಲ. ಹಗ್ಗದ ಕುಣಿಕೆಯೊಳಗೆ ತೂರಿಸಿ ಎಳೆಯುವಾಗ, ಮೊನೆಯಿಂದ ಚುಚ್ಚುವಾಗ ಉಂಟು. ತೆರೆದ ಅಲಗನ್ನು ಹಿಡಿದು ನಿಲ್ಲಿಸುವ ಚಿಲಕವಿರುವ ಚಾಕು ಅದಕ್ಕಾಗಿಯೇ ಬೇಕು. ಫ್ರಾನ್ಸಿನ ಸವ್ವಾ ಸೀಮೆಯಲ್ಲಿ 1890ರಿಂದ ಮಾಡುತ್ತಿರುವ ಒಪಿನೆಲ್ ಎಂಬ ಮರದ ಹಿಡಿಯ ರೈತರ ಚಾಕುವಿಗೆ 1955ರಲ್ಲಿ ತಿರುಗುವ ಒಂದು ಉಂಗುರವನ್ನು ಸೇರಿಸಿದರು. ಅದನ್ನು ತಿರುಗಿಸಿದರೆ ಅಲಗು ಕದಲದು. ಸ್ವಿಸ್ ಸೈನ್ಯವೂ ನೂರು ವರ್ಷಗಳಿಗೂ ಮೇಲ್ಪಟ್ಟು ಗೀರಿನ ಚಾಕುವನ್ನೇ ಬಳಸಿ, ಕೊನೆಗೆ 2008ರ ಮಾದರಿಯಲ್ಲಿ ಒಂದೇ ಕೈಯಿಂದ ತೆರೆಯುವ, ಚಿಲಕವಿರುವ, ಬಾಯಿಯ ಒಂದು ಭಾಗಕ್ಕೆ ಗರಗಸದಂತಹ ಹಲ್ಲುಗಳಿರುವ ಅಲಗಿಗೆ ಒಪ್ಪಿತು. ತೆಂಗಿನ ನಾರಿನ ಹಗ್ಗಕ್ಕೂ ನೈಲಾನಿಗೂ ಆ ಹಲ್ಲುಗಳು ಚೆನ್ನಾಗಿ ಕಚ್ಚುತ್ತವೆ. ಹೊಲದಲ್ಲಿ ದುಡಿಯುವವರು ಈ ಜಾತಿಯನ್ನು ಆರಿಸುವುದು ಮೇಲು. ಉದ್ದ 111 ಮಿಲಿಮೀಟರು. ಪೇಟೆಯವರ 91 ಮಿಲಿಮೀಟರಿನದಕ್ಕಿಂತ ದೊಡ್ಡದು, ಆದರೆ ಒರಟು ಕೈಗೆ ಅದೇ ಸರಿಯಾದ ಅಳತೆ.

ತಂತಿ ಬೇಲಿ, ಕೊಳವೆಯ ಜೋಡಣೆ, ಯಂತ್ರ ಇವುಗಳ ನಡುವೆ ಬದುಕುವವರಿಗೆ ಚಾಕುವಿಗಿಂತ ಇಕ್ಕಳ ಹೆಚ್ಚು ಬೇಕಾಗುತ್ತದೆ. ಟಿಮ್ ಲೆದರ್‌ಮನ್ ಎಂಬ ಅಮೆರಿಕನ್ 1975ರಲ್ಲಿ ಹೆಂಡತಿಯೊಡನೆ ಒಂದು ಹಳೆಯ ಫಿಯಟ್ ಕಾರಿನಲ್ಲಿ ಯೂರೋಪು ಸುತ್ತುವಾಗ, ಕೆಡುತ್ತಲೇ ಇದ್ದ ಆ ಕಾರಿಗೆ ತನ್ನ ಜೇಬಿನ ಚಾಕು ಸಾಲದೆ, ಅದರಲ್ಲೊಂದು ಇಕ್ಕಳ ಇರಬಾರದಿತ್ತೇ ಎಂದು ಹಂಬಲಿಸಿದನಂತೆ. ಊರಿಗೆ ಮರಳಿ ವರ್ಷಗಟ್ಟಲೆ ಹೆಣಗಿ, 1980ರಲ್ಲಿ ಹಕ್ಕುಪತ್ರ ಪಡೆದು, 1983ರಲ್ಲಿ ಮಾರಾಟಕ್ಕೆ ತಂದ. ಹಿಡಿಗಳೆರಡನ್ನೂ ಹಿಂದಕ್ಕೆ ಮಡಿಚಿದರೆ ಇಕ್ಕಳವೇ ಒಳಗೆ ಅಡಗುವ ಈ ಮಾದರಿಗೆ ಈಗ ಹಲವು ಕಂಪೆನಿಗಳ ಸಂತತಿಯಿದೆ. ಪೂರ್ಣ ಅಳತೆಯದು ಸುಮಾರು ಕಾಲು ಕಿಲೋ ತೂಗುತ್ತದೆ. ಎರಡು ಅಲಗಿನ ಕೆಂಪು ಚಾಕು ಅರವತ್ತು ಗ್ರಾಮು. ಪಂಚೆಯ ಸೊಂಟಕ್ಕೆ ಕಾಲು ಕಿಲೋ ಒಗ್ಗದು. ನಡುಪಟ್ಟಿಯ ಚೀಲ ಬೇಕು. ಆದರೂ ಬೇಲಿಯ ಕೆಲಸದವನಿಗೆ ಅದು ತಕ್ಕದ್ದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೋಲಾರದ ಸೀಮೆ ಕೊಳವೆಬಾವಿಗಳ ಸೀಮೆ. ತೋಟತೋಟಕ್ಕೂ ಮೂರು ಫೇಸಿನ ವಿದ್ಯುತ್ತು, ಅದರ ಸ್ಟಾರ್ಟರ್ ಪೆಟ್ಟಿಗೆ, ಸುಟ್ಟುಹೋದಾಗ ತಂತಿ ಕಟ್ಟುವ ಫ್ಯೂಸು. ರೈತನ ಕೈ ಮೊದಲು ಹೋಗುವುದು ಆ ಪೆಟ್ಟಿಗೆಗೆ. ಬಹೂಪಯೋಗಿ ಇಕ್ಕಳದ ಹಿಡಿ ಬರಿಯ ಉಕ್ಕು. ಅದರ ಮೇಲೆ ವಿದ್ಯುತ್ತನ್ನು ತಡೆಯುವ ಹೊದಿಕೆ ಇಲ್ಲ. ಮಿಸ್ತ್ರಿಯ ಇಕ್ಕಳಕ್ಕೆ ದಪ್ಪನೆಯ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ತೊಗಟೆ ಇರುವುದು ಅಂದಕ್ಕಲ್ಲ. ನೆಲ ಒದ್ದೆಯಾಗಿರುವ ಪಂಪಿನ ಮನೆಯಲ್ಲಿ ಬರಿಗಾಲಿನಲ್ಲಿ ನಿಂತು ಉಕ್ಕಿನ ಹಿಡಿಯನ್ನು ಪೆಟ್ಟಿಗೆಯೊಳಕ್ಕೆ ಹಾಕುವವನಿಗೆ ಎರಡನೆಯ ಅವಕಾಶ ದೊರೆಯುವುದಿಲ್ಲ. ಚಾಕುವಿನ ತಿರುಪುಳಿಯೂ ಹಾಗೆಯೇ. ಕೆಂಪು ಹಿಡಿ ಪ್ಲಾಸ್ಟಿಕ್ಕಿನದು ನಿಜ. ಆದರೆ ಬೆನ್ನಿನುದ್ದಕ್ಕೂ ಉಕ್ಕು ತೆರೆದೇ ಇದೆ, ಬೆರಳು ಕೂರುವುದೂ ಅಲ್ಲಿಯೇ. ವಿದ್ಯುತ್ತಿನ ಪೆಟ್ಟಿಗೆಗೆ ಈ ಜಾತಿಯ ಯಾವ ಸಾಧನವನ್ನೂ ಹಾಕಬೇಡಿ.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರು ಕಸಿ ಕಟ್ಟಲು ಇದು ಆದೀತೇ ಎಂದು ಕೇಳುವುದುಂಟು. ಆಗದು. ಕಸಿಯ ಚಾಕುವಿನ ಬಾಯಿಯನ್ನು ಸಾಮಾನ್ಯವಾಗಿ ಒಂದೇ ಕಡೆಯಿಂದ ಸಾಣೆ ಹಿಡಿದಿರುತ್ತಾರೆ, ಸೀಳು ಸಪಾಟಾಗಿ ಬರಲೆಂದು. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದು. ಬೇರೆ ಯಾವ ಚಾಕುವನ್ನೂ ಕಸಿಗೆ ಮುಟ್ಟಿಸಬಾರದು. ಮೂಟೆಯ ಹುರಿ ಕತ್ತರಿಸಿದ ಅಲಗು ಎಳೆಯ ಕಡ್ಡಿಯನ್ನು ಸೀಳುವುದಿಲ್ಲ, ಜಜ್ಜುತ್ತದೆ.

ಆದರೆ ಮಾವಿನ ಪ್ರಸ್ತಾಪದಿಂದ ಉಕ್ಕಿನ ಪ್ರಶ್ನೆ ಬರುತ್ತದೆ. ಕುಲುಮೆಯ ಹಳೆಯ ಉಕ್ಕು, ಅಂದರೆ ಇಂಗಾಲದ ಉಕ್ಕು, ಬೇಗ ಹರಿತವಾಗುತ್ತದೆ. ಆದರೆ ಮಾವಿನಕಾಯಿ, ಹುಣಿಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ಒರಸದೆ ಬಿಟ್ಟರೆ ತುಕ್ಕು ಕಾಣಿಸುತ್ತದೆ. ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿದ ಉಕ್ಕಿಗೆ ಈ ತೊಂದರೆ ಕಡಿಮೆ. ತಿನ್ನುವುದನ್ನೂ ಹೆಚ್ಚುವ, ಬೆವರಿನ ಸೊಂಟದಲ್ಲಿ ದಿನವಿಡೀ ಕೂರುವ ಚಾಕುವಿಗೆ ಈ ಎರಡನೆಯದೇ ವಾಸಿ. ಬಹಳ ಗಡಸಾದ, ಬಹಳ ಬೆಲೆಯ ಉಕ್ಕುಗಳೂ ಈಗ ಬಂದಿವೆ. ಅವು ತಿಂಗಳುಗಟ್ಟಲೆ ಮೊಂಡಾಗುವುದಿಲ್ಲ. ಮೊಂಡಾದಾಗ ನಮ್ಮ ಮನೆಯ ಸಾಣೆಕಲ್ಲಿಗೆ ಬಗ್ಗುವುದೂ ಇಲ್ಲ. ನೀವೇ ಮಸೆಯಲಾರದ ಚಾಕುವನ್ನು ಕೊಳ್ಳಬೇಡಿ ಎಂದು ನನ್ನ ಸಲಹೆ.

ಮಸೆಯುವುದು ಒಂದು ವಿದ್ಯೆ, ಆದರೆ ಗಹನವಾದ ವಿದ್ಯೆಯಲ್ಲ. ಒರಟು ಮುಖ ಒಂದು, ನುಣುಪು ಮುಖ ಒಂದು ಇರುವ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಅಲಗನ್ನು ಕಲ್ಲಿಗೆ ಹದಿನೈದರಿಂದ ಇಪ್ಪತ್ತು ಡಿಗ್ರಿಯ ಕೋನದಲ್ಲಿ ಇಡಬೇಕು. ಬೆನ್ನಿನ ಕೆಳಗೆ ಒಂದೆರಡು ಕಾಗದದ ದಪ್ಪವಲ್ಲ, ಒಂದೆರಡು ನಾಣ್ಯಗಳ ದಪ್ಪ ಎತ್ತಿದರೆ ಸುಮಾರಾಗಿ ಸರಿ. ಕಲ್ಲಿನ ಮೇಲಿನ ತೆಳು ಪದರವನ್ನು ಹೆರೆಯುವಂತೆ ಬಾಯಿಯನ್ನು ಮುಂದಿಟ್ಟು ಎಳೆಯುವುದು, ಈ ಬದಿ ಎಷ್ಟು ಸಲವೋ ಆ ಬದಿಯೂ ಅಷ್ಟು ಸಲ. ಕೋನ ತೂಗಾಡದಿದ್ದರೆ ಹತ್ತು ನಿಮಿಷದ ಕೆಲಸ. ಮನೆಯ ಹಿಂದಿನ ಬಂಡೆಯ ಮೇಲೆ ತಿಕ್ಕುವ ರೂಢಿ ಕುಡುಗೋಲಿಗೆ ನಡೆಯಬಹುದು; ಗಡುಸುಕಲ್ಲಿನ ಕಾಳು ಒಂದೇ ಸಮನಾಗಿರುವುದಿಲ್ಲವಾಗಿ ತೆಳುವಾದ ಬಾಯಿ ಅಲ್ಲಿ ಮುಕ್ಕಾಗುತ್ತದೆ. ಬೀದಿಯಲ್ಲಿ ಸಾಣೆಯ ಚಕ್ರ ತಿರುಗಿಸುವವರ ಬಳಿ ಕೊಡುವಾಗಲೂ ಗಮನವಿರಲಿ. ಕಿಡಿ ಹಾರಿ ಬಾಯಿ ನೀಲಿಗಟ್ಟಿತೆಂದರೆ ಶಿವಾರಪಟ್ಟಣದ ಉಳಿಯ ಮಾತನ್ನು ನೆನೆಸಿಕೊಳ್ಳಿ: ಹದ ಇಳಿಯಿತು, ಆ ಭಾಗ ಸವೆದು ಹೋಗುವವರೆಗೂ ಅದು ಹರಿತವನ್ನು ಹಿಡಿಯದು.

ಪೇಟೆಯ ಉಪಾಧ್ಯಾಯರ ಆಯ್ಕೆ ಸುಲಭ. ಒಂದು ಅಲಗು, ಒಂದು ಕತ್ತರಿ, ಚಿಮಟ, ಎರಡು ತಿರುಪುಳಿ. ಕತ್ತರಿಯನ್ನು ಬಹಳ ಮಂದಿ ಕೀಳಾಗಿ ಕಾಣುತ್ತಾರೆ. ಆದರೆ ಗಾಯಕ್ಕೆ ಕಟ್ಟುವ ಬಟ್ಟೆ, ಉಗುರು, ಔಷಧದ ಹಾಳೆ, ಹಾಲಿನ ಪೊಟ್ಟಣ ಇವುಗಳಿಗೆ ಎರಡನೆಯ ಅಲಗಿಗಿಂತ ಅದೇ ಹೆಚ್ಚು ಬಳಕೆಗೆ ಬರುತ್ತದೆ. ಬಾಟಲಿಯ ಬಿರಡೆ ಕೀಳುವ ಸುರುಳಿಮೊಳೆಯೂ ಇಂಥ ಚಾಕುಗಳಲ್ಲಿ ಇರುತ್ತದೆ. ದ್ರಾಕ್ಷಾರಸದ ನಾಡಿನಲ್ಲಿ ಅದಕ್ಕೆ ಮರ್ಯಾದೆ. ನಮ್ಮಲ್ಲಿ ಅದು ನಗುವಿಗೆ ವಸ್ತು. ಆದರೂ ಒಂದು ಗುಣವನ್ನು ಹೇಳಲೇಬೇಕು: ನೆನೆದು ಬಿಗಿದ ಹಗ್ಗದ ಗಂಟಿನೊಳಗೆ ಅದರ ಮೊನೆಯನ್ನು ತೂರಿಸಿ ಮೀಟಿದರೆ ಗಂಟು ಸಡಿಲಿಸುತ್ತದೆ. ಹಗ್ಗ ಉಳಿಯಿತು.

ಇನ್ನು ಬೆಟ್ಟಕ್ಕೆ ಹೊರಟ ಹುಡುಗ. ಕೋಲಾರದ ಪೇಟೆಗೆ ಅಂಟಿಕೊಂಡ ಶತಶೃಂಗ ಪರ್ವತದಲ್ಲಿ ಬಸವನ ಬಾಯಿಯಿಂದ ನೀರು ಬೀಳುವ ಅಂತರಗಂಗೆ, ಕಾಶಿ ವಿಶ್ವೇಶ್ವರನ ಗುಡಿ, ಮೇಲೆ ಒಂದರ ಮೇಲೊಂದು ಉರುಳಿಬಿದ್ದಂತಿರುವ ಹೆಬ್ಬಂಡೆಗಳು, ಅವುಗಳ ಸಂದಿನ ಗವಿಗಳು. ಬೆಂಗಳೂರಿನಿಂದ ಹತ್ತಿರವಾದ್ದರಿಂದ ವಾರದ ಕೊನೆಗೆ ಯುವಕರ ಗುಂಪು ಬರುತ್ತದೆ. ಅವರ ಸೊಂಟದಲ್ಲಿ ನೇತಾಡುವ ಚಾಕುಗಳನ್ನು ಕಂಡರೆ ಇವರು ಹುಲಿಯ ಬೇಟೆಗೆ ಹೊರಟರೋ ಎಂಬ ಅನುಮಾನ ಬರುತ್ತದೆ. ಅಲ್ಲಿ ಚಾಕುವಿಗೆ ಇರುವ ಕೆಲಸ ಬಹಳ ಸ್ವಲ್ಪ: ಹಗ್ಗ ಕತ್ತರಿಸುವುದು, ಆಹಾರದ ಪೊಟ್ಟಣ ಬಿಚ್ಚುವುದು, ತರಕಾರಿ ಹೆಚ್ಚುವುದು, ಮುಳ್ಳು ಕೀಳುವುದು, ಗಾಯವಾದರೆ ಬಟ್ಟೆ ಕತ್ತರಿಸುವುದು. ಗರಗಸವಿರುವ ಚಾಕುವನ್ನು ಕೊಳ್ಳುವ ಆಸೆ ಹುಡುಗರಿಗೆ ಹೆಚ್ಚು, ಕಟ್ಟಿಗೆ ಕತ್ತರಿಸಿ ಬೆಂಕಿ ಹಾಕುವ ಕನಸಿನಿಂದ. ಅರಣ್ಯದಲ್ಲಿ ಮರ ಕಡಿಯುವುದು ಅಪರಾಧ; ಮಾಗಿಯ ನಂತರ ಒಣಗಿ ನಿಂತ ಬೆಟ್ಟದ ಹುಲ್ಲಿಗೆ ಒಂದು ಕಿಡಿ ಸಾಕು. ಗರಗಸದ ಹಣದಲ್ಲಿ ಒಂದು ಒಳ್ಳೆಯ ಕೈದೀಪವನ್ನು ಕೊಂಡರೆ ಬಂಡೆಗಳ ಸಂದಿನಲ್ಲಿ ಕಾಲು ಮುರಿಯದೆ ಇಳಿದು ಬರಬಹುದು. ರಾತ್ರಿ ತಂಗಲು ಎಲ್ಲಿ ಅನುಮತಿ ಇದೆ, ಎಲ್ಲಿ ಇಲ್ಲ ಎಂಬುದನ್ನು ಅರಣ್ಯ ಇಲಾಖೆಯವರಲ್ಲಿ ಮುಂಚೆಯೇ ವಿಚಾರಿಸಿಕೊಂಡು ಹೋಗಬೇಕು.

ಕಾನೂನಿನ ಮಾತನ್ನೂ ಮುಗಿಸಿಬಿಡುತ್ತೇನೆ. 1959ರ ಆಯುಧ ಕಾನೂನಿನ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಹೆಸರಿಸುತ್ತವೆ. ಮನೆಯ ಕೆಲಸಕ್ಕೂ ಬೇಸಾಯಕ್ಕೂ ಮಾಡಿದವನ್ನು ಅವು ಹೊರತಾಗಿ ಇಟ್ಟಿವೆ. ಜೇಬಿನ ಚಾಕುವಿನ ಅಲಗು ಇದರ ಅರ್ಧವೂ ಇಲ್ಲ. ಹಾಗೆಂದು ಎಲ್ಲೆಡೆಗೂ ಒಯ್ಯುವಂತಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಇಟ್ಟರೆ ತಪಾಸಣೆಯವರು ತೆಗೆದುಕೊಳ್ಳುತ್ತಾರೆ. ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಕು. ನ್ಯಾಯಾಲಯ, ಪರೀಕ್ಷೆಯ ಕೊಠಡಿ, ಸಭೆ ಸಮಾರಂಭ ಇಲ್ಲೆಲ್ಲ ಅದು ಮನೆಯಲ್ಲಿರುವುದೇ ಲೇಸು. ಗುಂಡಿ ಒತ್ತಿದೊಡನೆ ಚ್ಚಟ್ಟೆಂದು ಚಿಮ್ಮುವ ಚಾಕುಗಳಂತೂ ಬೇಡವೇ ಬೇಡ. ಪೊಲೀಸಿನವರು ಅದನ್ನು ಹಣ್ಣು ಹೆಚ್ಚುವ ಸಾಧನವೆಂದು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಜಗಳದ ವಿಷಯ ಹೇಗೋ ಏನೋ, ನೆಲದ ಮೇಲೋ ಮೇಜಿನ ಮೇಲೋ ಇಟ್ಟು, ಎದುರಿನವರು ಎತ್ತಿಕೊಳ್ಳುವಂತೆ ಮಾಡಿದರೆ ಬೆರಳು ಉಳಿಯುವುದು ಖಂಡಿತ. ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಇದು. ಎರಡನೆಯದು, ಅಲಗನ್ನು ತನ್ನ ಮೈಯಿಂದ ಹೊರಕ್ಕೆ ಚಲಿಸುವಂತೆ ಕೊಯ್ಯುವುದು. ಮೂರನೆಯದು, ತೆರೆದ ಚಾಕು ಹಿಡಿದು ನಡೆಯದಿರುವುದು. ಮೊದಲ ಚಾಕು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರುವಾಗ, ಒಂದೇ ಅಲಗಿನದಾಗಿರಲಿ. ಅದೂ ಹರಿತವಾಗಿರಲಿ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುತ್ತದೆ.

ಕೊಂಡು ತಂದ ಮೇಲೆ ಆರೈಕೆ ಹೆಚ್ಚೇನೂ ಇಲ್ಲ. ಮಾವಿನ ಸೊನೆ, ಬೆಲ್ಲದ ಪಾಕ, ಜೇಬಿನ ಧೂಳು ಇವು ಕೀಲಿನಲ್ಲಿ ಸೇರಿ ಅಲಗು ಬಿಗಿಯಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ, ಹತ್ತಾರು ಸಲ ತೆರೆದು ಮುಚ್ಚಿ, ಚೆನ್ನಾಗಿ ಒರಸಿ, ಬಿಸಿಲಿನಲ್ಲಿ ಒಣಗಿಸಿ. ಕೊಬ್ಬರಿ ಎಣ್ಣೆ ಹಾಕುವ ರೂಢಿ ಬೇಡ. ಕಾಲ ಕಳೆದಂತೆ ಅದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಕೀಲಿಗೆ ಒಂದೊಂದು ತೊಟ್ಟು ಸಾಕು.